ನ್ಯಾಯದಾನವೋ, ನ್ಯಾಯದ ವ್ಯಾಪಾರವೋ?

ಒಂದು ರಾಷ್ಟ್ರದ ನ್ಯಾಯಪದ್ಧತಿಯ ಯೋಗ್ಯತೆಯನ್ನು ಅಳೆಯಬೇಕಾದರೆ ಅದರ ರಾಜ್ಯಾಂಗದಲ್ಲಿ ಬರೆದಿಟ್ಟ ಉದಾತ್ತ ವಾಕ್ಯಗಳನ್ನು ಓದಿದರೆ ಸಾಲದು. ಅದರ ಅತ್ಯಂತ ಕೆಳಗಿನ ಕೋರ್ಟಿನ ದಫ್ತರವನ್ನು ಬಿಚ್ಚಿ ನೋಡಬೇಕು. ಯಾರು ಬಿಡುಗಡೆ ಹೊಂದಿದರು, ಯಾರು ತಪ್ಪೊಪ್ಪಿಕೊಂಡರು, ಯಾರಿಗೆ ಎಷ್ಟು ವರ್ಷಗಳ ಶಿಕ್ಷೆಯಾಯಿತು, ಅಂತಹದೇ ಅಪರಾಧಕ್ಕೆ ನೆರೆಯ ಜಿಲ್ಲೆಯಲ್ಲಿ ಎಷ್ಟಾಯಿತು, ತೀರ್ಪು ಹೊರಬೀಳುವ ಮುನ್ನವೇ ಯಾರು ಎಷ್ಟು ದಿನ ಸೆರೆಮನೆಯಲ್ಲಿ ಕಳೆದರು ಎಂಬ ಒಣ ಲೆಕ್ಕದಲ್ಲಿ ಆ ರಾಷ್ಟ್ರದ ಅಂತರಂಗವು ಕಾಣುತ್ತದೆ. ಕಾಯದೆಯು ಎಲ್ಲರಿಗೂ ಒಂದೇ ಎಂಬ ಮಾತು ಈ ಲೆಕ್ಕದ ಮುಂದೆ ನಿಂತು ಉಳಿದರೆ ಅದು ಸತ್ಯ. ಉಳಿಯದಿದ್ದರೆ ಅದು ಕೇವಲ ಅಲಂಕಾರ.

ಈ ದೃಷ್ಟಿಯಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೌಂಟಿ ನ್ಯಾಯಾಲಯಗಳ ಸ್ಥಿತಿಯನ್ನು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಪರದೇಶದ ಕೋರ್ಟುಗಳ ವಿಷಯ ನಮಗೇತಕ್ಕೆ ಎಂದು ಕೆಲವರು ಕೇಳಬಹುದು. ಆ ದೇಶದಲ್ಲಿ ಬೆಳೆದು ಹೆಮ್ಮರವಾದ ಒಂದು ಪದ್ಧತಿಯ ಸಸಿಯನ್ನು ನಮ್ಮ ಶಾಸನಕರ್ತರು ತಂದು ನಮ್ಮ ಅಂಗಳದಲ್ಲಿ ನೆಟ್ಟು ಈಗ ಎರಡು ದಶಕಗಳಾಗುತ್ತ ಬಂದಿವೆ. ಆ ಮರವು ತನ್ನ ತವರಿನಲ್ಲಿ ಎಂತಹ ಫಲವನ್ನು ಕೊಟ್ಟಿದೆಯೆಂಬುದನ್ನು ವಿಚಾರಿಸದೆ ಸಸಿಗೆ ನೀರೆರೆಯುವುದು ವಿವೇಕವಲ್ಲ.

ಅಮೆರಿಕದಲ್ಲಿ ಮೂರು ಸಾವಿರಕ್ಕೂ ಮೀರಿ ಕೌಂಟಿಗಳಿವೆ. ನಮ್ಮ ಜಿಲ್ಲೆಗೆ ಸ್ಥೂಲವಾಗಿ ಸಮನಾದ ಈ ವಿಭಾಗವೇ ಅಲ್ಲಿಯ ಅಪರಾಧ ನ್ಯಾಯದ ಬುನಾದಿ. ಕಳವು, ಹೊಡೆದಾಟ, ಮಾದಕ ಪದಾರ್ಥ, ದರೋಡೆ, ಕೊಲೆ - ಇಂತಹ ಖಟ್ಲೆಗಳಲ್ಲಿ ಬಹುಪಾಲು ಕೌಂಟಿಯ ನ್ಯಾಯಾಸನದ ಮುಂದೆಯೇ ಇತ್ಯರ್ಥವಾಗುತ್ತವೆ. ಆರೋಪ ಹೊರಿಸುವ ಡಿಸ್ಟ್ರಿಕ್ಟ್ ಅಟಾರ್ನಿ ಎಂಬ ಸರಕಾರೀ ವಕೀಲನು ಬಹುತೇಕ ಸಂಸ್ಥಾನಗಳಲ್ಲಿ ಜನರ ಮತದಿಂದ ಆರಿಸಿಬರುತ್ತಾನೆ. ಅನೇಕ ಸಂಸ್ಥಾನಗಳಲ್ಲಿ ನ್ಯಾಯಾಧೀಶನೂ ಹಾಗೆಯೇ. ಕೌಂಟಿಗೆ ತನ್ನದೇ ಆದ ಸೆರೆಮನೆಯುಂಟು. ವಿಚಾರಣೆಗಾಗಿ ಕಾದಿರುವವರೂ, ಸಾಮಾನ್ಯವಾಗಿ ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದವರೂ ಅಲ್ಲಿರುತ್ತಾರೆ. ದೀರ್ಘ ಶಿಕ್ಷೆಯವರು ಸಂಸ್ಥಾನದ ಕಾರಾಗೃಹಕ್ಕೆ ಹೋಗುತ್ತಾರೆ. ಆರೋಪಿಗೆ ನಿಷ್ಪಕ್ಷಪಾತ ಜ್ಯೂರಿಯ ಮುಂದೆ ಬಹಿರಂಗ ವಿಚಾರಣೆಯ ಹಕ್ಕುಂಟೆಂದು 1791ರಲ್ಲಿಯೇ ಆ ದೇಶದ ರಾಜ್ಯಾಂಗದಲ್ಲಿ ಸೇರಿಸಲ್ಪಟ್ಟಿತು. ಇದನ್ನು ಓದಿದವರು ಅಲ್ಲಿ ಪ್ರತಿಯೊಬ್ಬ ಆರೋಪಿಯೂ ತನ್ನ ನೆರೆಹೊರೆಯ ಪ್ರಜೆಗಳ ಮುಂದೆ ನಿಂತು, ಸಾಕ್ಷಿಗಳ ಪಾಟೀಸವಾಲು ಮಾಡಿಸಿ, ತೀರ್ಪು ಪಡೆಯುತ್ತಾನೆಂದು ಭಾವಿಸುವುದು ಸಹಜ.

ಆದರೆ ವಾಸ್ತವವು ಬೇರೆ. 2012ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಹೇಳಿದಂತೆ, ಸಂಸ್ಥಾನಗಳ ನ್ಯಾಯಾಲಯಗಳಲ್ಲಿ ಅಪರಾಧಿಗಳೆಂದು ನಿರ್ಣಯವಾದವರಲ್ಲಿ ನೂರಕ್ಕೆ 94 ಮಂದಿ ವಿಚಾರಣೆಯಿಂದ ಹಾಗಾದವರಲ್ಲ, ತಾವೇ ತಪ್ಪೊಪ್ಪಿಕೊಂಡವರು. ಕೇಂದ್ರದ ನ್ಯಾಯಾಲಯಗಳಲ್ಲಿ ಈ ಸಂಖ್ಯೆ 97. ಅಂದರೆ ಜ್ಯೂರಿಯ ವಿಚಾರಣೆಯೆಂಬುದು ಅಲ್ಲಿ ಜಾತ್ರೆಯ ತೇರಿನಂತೆ; ಎಲ್ಲರೂ ಅದನ್ನು ಹೊಗಳುತ್ತಾರೆ, ಆದರೆ ದಿನನಿತ್ಯದ ಸಂಚಾರವು ಬೇರೆ ಗಾಡಿಯಲ್ಲಿ ನಡೆಯುತ್ತದೆ. ಆ ಗಾಡಿಯ ಹೆಸರು ತಪ್ಪೊಪ್ಪಿಗೆಯ ಚೌಕಾಸಿ. ಸರಕಾರೀ ವಕೀಲನು ಆರೋಪಿಗೆ ಹೇಳುತ್ತಾನೆ: ನೀನು ತಪ್ಪೊಪ್ಪಿಕೊಂಡರೆ ಆರೋಪವನ್ನು ಹಗುರ ಮಾಡುವೆನು, ಕಡಿಮೆ ಶಿಕ್ಷೆಗೆ ಶಿಫಾರಸು ಮಾಡುವೆನು, ಒಪ್ಪದೆ ವಿಚಾರಣೆ ಬೇಡಿದರೆ ಇರುವ ಕಲಮುಗಳನ್ನೆಲ್ಲ ಹೊರಿಸುವೆನು. ಮಾತು ಮುಗಿದ ಮೇಲೆ ನ್ಯಾಯಾಧೀಶನ ಮುಂದೆ ನಡೆಯುವುದು ಬಹುಮಟ್ಟಿಗೆ ರುಜು ಹಾಕುವ ಕೆಲಸ. ಶಿಕ್ಷೆಯ ಪ್ರಮಾಣವು ನ್ಯಾಯಾಸನದಲ್ಲಿ ನಿಶ್ಚಯವಾಗದೆ ಕೋರ್ಟಿನ ಪಡಸಾಲೆಯಲ್ಲಿ ನಿಶ್ಚಯವಾಗುತ್ತದೆ.

ಈ ಚೌಕಾಸಿಯಲ್ಲಿ ತಕ್ಕಡಿಯ ಯಾವ ತಟ್ಟೆ ಭಾರವೆಂಬುದಕ್ಕೆ ಕೆಂಟಕಿ ಸಂಸ್ಥಾನದ ಫಯೆಟ್ ಕೌಂಟಿಯ ಒಂದು ಖಟ್ಲೆಯೇ ಸಾಕು. ಅಲ್ಲಿ ಒಬ್ಬ ಮನುಷ್ಯನ ಮೇಲೆ 88 ಡಾಲರು 30 ಸೆಂಟಿನ ಖೋಟಾ ಚೆಕ್ಕಿನ ಆರೋಪ ಬಂದಿತು. ಆ ಅಪರಾಧಕ್ಕೆ ಕಾಯದೆಯಲ್ಲಿದ್ದ ಶಿಕ್ಷೆ ಎರಡರಿಂದ ಹತ್ತು ವರ್ಷ. ತಪ್ಪೊಪ್ಪಿಕೊಂಡರೆ ಐದು ವರ್ಷಕ್ಕೆ ಶಿಫಾರಸು ಮಾಡುವುದಾಗಿಯೂ, ಒಪ್ಪದೆ ಕೋರ್ಟಿಗೆ ವಿಚಾರಣೆಯ ತೊಂದರೆ ಕೊಟ್ಟರೆ ರೂಢಿಗತ ಅಪರಾಧಿಗಳ ಕಾಯದೆಯನ್ವಯ ಹೊಸ ಆರೋಪ ಹೊರಿಸುವುದಾಗಿಯೂ ಸರಕಾರೀ ವಕೀಲನು ತಿಳಿಸಿದನು. ಹಿಂದೆ ಎರಡು ಸಲ ಶಿಕ್ಷೆಯಾಗಿದ್ದ ಆತನಿಗೆ ಆ ಕಾಯದೆಯಂತೆ ಜನ್ಮಾವಧಿ ಶಿಕ್ಷೆ ಕಟ್ಟಿಟ್ಟದ್ದು. ಆತನು ತನ್ನ ಹಕ್ಕನ್ನು ಕೇಳಿದನು, ವಿಚಾರಣೆ ನಡೆಯಿತು, ಜನ್ಮಾವಧಿ ಶಿಕ್ಷೆಯೇ ಆಯಿತು. 1978ರಲ್ಲಿ ಸುಪ್ರೀಂ ಕೋರ್ಟು, ನಾಲ್ವರ ಭಿನ್ನಮತಕ್ಕೆ ಎದುರಾಗಿ ಐವರ ಬಹುಮತದಿಂದ, ಇದರಲ್ಲಿ ರಾಜ್ಯಾಂಗದ ಉಲ್ಲಂಘನೆಯಿಲ್ಲವೆಂದು ತೀರ್ಪಿತ್ತಿತು. ಅಪರಾಧವು ಅದೇ, ಅಪರಾಧಿಯೂ ಅವನೇ, ಸಾಕ್ಷ್ಯವೂ ಅದೇ. ಐದು ವರ್ಷಕ್ಕೂ ಆಜೀವಕ್ಕೂ ನಡುವಿನ ವ್ಯತ್ಯಾಸವು ಖೋಟಾ ಚೆಕ್ಕಿಗೆ ವಿಧಿಸಿದ ಶಿಕ್ಷೆಯಲ್ಲ. ವಿಚಾರಣೆಯನ್ನು ಕೇಳಿದ್ದಕ್ಕೆ ತೆತ್ತ ದಂಡ. ಹಕ್ಕನ್ನು ಚಲಾಯಿಸಿದವನಿಗೆ ದಂಡ ಬೀಳುವುದಾದರೆ ಅದನ್ನು ಹಕ್ಕೆಂದು ಕರೆಯುವುದು ಹೇಗೆ?

ಈ ಪದ್ಧತಿಯ ಸಮರ್ಥಕರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಎಲ್ಲ ಖಟ್ಲೆಗಳೂ ಪೂರ್ಣ ವಿಚಾರಣೆಗೆ ಬಂದರೆ ಕೋರ್ಟುಗಳು ಕುಸಿದುಬೀಳುವುವು. ನೊಂದವರು, ಅದರಲ್ಲೂ ಸ್ತ್ರೀಯರು ಮತ್ತು ಮಕ್ಕಳು, ಸಾಕ್ಷಿಯ ಕಟಕಟೆಯ ಯಾತನೆಯಿಂದ ಪಾರಾಗುತ್ತಾರೆ. ನಿಜವಾಗಿಯೂ ತಪ್ಪು ಮಾಡಿ ಪಶ್ಚಾತ್ತಾಪಪಟ್ಟವನಿಗೆ ರಿಯಾಯಿತಿ ದೊರೆಯುವುದು ಯೋಗ್ಯವೇ ಆಗಿದೆ. ಇಪ್ಪತ್ತು ವರ್ಷ ನಡೆಯುವ ಖಟ್ಲೆಗಿಂತ ಇಂದೇ ಮುಗಿಯುವ ಖಟ್ಲೆ ಲೇಸು ಎಂದು ಅವರು ಹೇಳುತ್ತಾರೆ. ಇವುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಈ ವಾದವೆಲ್ಲವೂ ತಪ್ಪೊಪ್ಪಿಕೊಳ್ಳುವವನು ಸ್ವತಂತ್ರ ಮನಸ್ಸಿನಿಂದ ಒಪ್ಪಿಕೊಳ್ಳುತ್ತಾನೆಂಬ ಒಂದೇ ಕಂಬದ ಮೇಲೆ ನಿಂತಿದೆ. 1989ರಿಂದೀಚೆಗೆ ಆ ದೇಶದಲ್ಲಿ ಮೊದಲು ಶಿಕ್ಷೆ ಹೊಂದಿ ಅನಂತರ ನಿರ್ದೋಷಿಗಳೆಂದು ಸಿದ್ಧರಾದವರ ಸಂಖ್ಯೆ ಮೂರು ಸಾವಿರವನ್ನು ಮೀರಿದೆ. ಅವರಲ್ಲಿ ತಾವೇ ತಪ್ಪೊಪ್ಪಿಕೊಂಡಿದ್ದವರು ನೂರಾರು ಮಂದಿ. ಮಾಡದ ತಪ್ಪನ್ನು ಮನುಷ್ಯನು ಏಕೆ ಒಪ್ಪಿಕೊಂಡಾನು? ಇದಕ್ಕೆ ಉತ್ತರವು ಕೌಂಟಿಯ ಸೆರೆಮನೆಯಲ್ಲಿದೆ.

2022ರ ನಡುವಿನ ಎಣಿಕೆಯಂತೆ ಅಮೆರಿಕದ ಸ್ಥಳೀಯ ಸೆರೆಮನೆಗಳಲ್ಲಿ ಸುಮಾರು 6 ಲಕ್ಷ 63 ಸಾವಿರ ಜನರಿದ್ದರು; ಅವರಲ್ಲಿ ನೂರಕ್ಕೆ 70ರಷ್ಟು ಜನರ ಅಪರಾಧವಿನ್ನೂ ನಿರ್ಣಯವಾಗಿರಲಿಲ್ಲ. ಇವರಲ್ಲಿ ಬಹಳ ಮಂದಿ ಜಾಮೀನಿನ ಹಣ ಕಟ್ಟಲಾರದೆ ಉಳಿದವರು. ಟೆಕ್ಸಾಸ್ ಸಂಸ್ಥಾನದಲ್ಲಿ ಹ್ಯೂಸ್ಟನ್ ನಗರವನ್ನೊಳಗೊಂಡ ಹ್ಯಾರಿಸ್ ಕೌಂಟಿಯು ಜನಸಂಖ್ಯೆಯಲ್ಲಿ ಆ ದೇಶದ ಮೂರನೆಯ ದೊಡ್ಡ ಕೌಂಟಿ. ಅಲ್ಲಿ 2008ರಿಂದ 2013ರ ವರೆಗಿನ 3 ಲಕ್ಷ 80 ಸಾವಿರ ಲಘು ಅಪರಾಧಗಳ ಖಟ್ಲೆಗಳನ್ನು ವಿದ್ವಾಂಸರು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವು ಪ್ರತಿಯೊಬ್ಬ ನ್ಯಾಯಾಧೀಶನ ಮೇಜಿನ ಮೇಲಿರತಕ್ಕದ್ದು. ಎಲ್ಲ ವಿಧದಲ್ಲಿಯೂ ಸಮಾನರಾದ ಇಬ್ಬರು ಆರೋಪಿಗಳಲ್ಲಿ ಒಬ್ಬನು ಜಾಮೀನಿನ ಮೇಲೆ ಹೊರಗೂ ಇನ್ನೊಬ್ಬನು ಸೆರೆಯಲ್ಲೂ ಇದ್ದರೆ, ಸೆರೆಯಲ್ಲಿರುವವನು ತಪ್ಪೊಪ್ಪಿಕೊಳ್ಳುವ ಸಂಭವವು ನೂರಕ್ಕೆ 25ರಷ್ಟು ಹೆಚ್ಚು. ಅವನಿಗೆ ಸೆರೆವಾಸದ ಶಿಕ್ಷೆಯಾಗುವ ಸಂಭವವು ನೂರಕ್ಕೆ 43ರಷ್ಟು ಹೆಚ್ಚು. ಆ ಶಿಕ್ಷೆಯ ಅವಧಿಯು ಸರಾಸರಿಯಲ್ಲಿ ಎರಡು ಪಟ್ಟಿಗಿಂತಲೂ ಹೆಚ್ಚು. ಇಬ್ಬರ ನಡುವೆ ಅಪರಾಧದಲ್ಲಿ ಭೇದವಿಲ್ಲ, ಜೇಬಿನಲ್ಲಿ ಮಾತ್ರ ಭೇದ.

ಇದರ ರಹಸ್ಯವು ಸರಳವಾಗಿದೆ. ಸೆರೆಯಲ್ಲಿರುವ ಕೂಲಿಗಾರನಿಗೆ ವಿಚಾರಣೆಯ ದಿನವು ವಾರಗಟ್ಟಲೆ ದೂರ. ತಪ್ಪೊಪ್ಪಿಕೊಂಡರೆ ಇಂದೋ ನಾಳೆಯೋ ಮನೆ. ನಿರ್ದೋಷಿಯೆಂದು ಸಾಧಿಸಲು ಹೊರಟರೆ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ, ಮಕ್ಕಳು ಬೀದಿಗೆ ಬೀಳುತ್ತಾರೆ; ದೋಷಿಯೆಂದು ಒಪ್ಪಿದರೆ ಬಾಗಿಲು ತೆರೆಯುತ್ತದೆ. ಕೋರ್ಟು ಹತ್ತಿದವರ ಪೈಕಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಹಿರಿಯರ ಗಾದೆಯು ಅಲ್ಲಿ ಇನ್ನೊಂದು ರೂಪದಲ್ಲಿ ನಿಜವಾಗಿದೆ. 2017ರ ಏಪ್ರಿಲಿನಲ್ಲಿ ಕೇಂದ್ರ ನ್ಯಾಯಾಧೀಶರೊಬ್ಬರು ಹ್ಯಾರಿಸ್ ಕೌಂಟಿಯ ಈ ಜಾಮೀನು ಪದ್ಧತಿಯು ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಿದರು. 2019ರಲ್ಲಿ ಕೌಂಟಿಯು ರಾಜಿಗೆ ಬಂದು ತನ್ನ ಪದ್ಧತಿಯನ್ನು ತಿದ್ದಿಕೊಳ್ಳಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಇಲಿನಾಯ್ ಸಂಸ್ಥಾನವು ಹಣದ ಜಾಮೀನನ್ನೇ ಪೂರ್ತಿಯಾಗಿ ತೆಗೆದುಹಾಕಿತು. ರೋಗವು ಯಾವುದೆಂದು ಆ ದೇಶದವರಿಗೇ ತಿಳಿಯಹತ್ತಿದೆಯೆಂಬುದಕ್ಕೆ ಇವು ಸಾಕ್ಷಿ.

ಹಣದ ಮಾತು ಜಾಮೀನಿಗೇ ಮುಗಿಯುವುದಿಲ್ಲ. ವಕೀಲನೂ ಹಣದಿಂದಲೇ ಬರಬೇಕು. 1961ರಲ್ಲಿ ಫ್ಲಾರಿಡಾ ಸಂಸ್ಥಾನದ ಬೇ ಕೌಂಟಿಯಲ್ಲಿ ಗಿಡಿಯನ್ ಎಂಬ ಬಡವನ ಮೇಲೆ ಒಂದು ಆಟದಂಗಡಿಗೆ ಕನ್ನ ಹಾಕಿದ ಆರೋಪ ಬಂದಿತು. ತನಗೆ ವಕೀಲನನ್ನು ಕೊಡಬೇಕೆಂದು ಅವನು ಬೇಡಿದನು. ಆಗಿನ ಕಾಯದೆಯಂತೆ ಕೋರ್ಟು ನಿರಾಕರಿಸಿತು. ತನ್ನ ವಾದವನ್ನು ತಾನೇ ಮಾಡಿ ಸೋತು ಐದು ವರ್ಷದ ಶಿಕ್ಷೆ ಹೊಂದಿದನು. ಸೆರೆಮನೆಯಿಂದ ಸೀಸದ ಕಡ್ಡಿಯಲ್ಲಿ ಬರೆದು ಕಳುಹಿಸಿದ ಅವನ ಅರ್ಜಿಯ ಮೇಲೆ 1963ರಲ್ಲಿ ಸುಪ್ರೀಂ ಕೋರ್ಟು, ಬಡ ಆರೋಪಿಗೆ ವಕೀಲನನ್ನು ಒದಗಿಸುವುದು ಸಂಸ್ಥಾನದ ಕರ್ತವ್ಯವೆಂದು ಏಕಮತದಿಂದ ನಿರ್ಣಯಿಸಿತು. ಅದೇ ವರ್ಷ ಅದೇ ಕೌಂಟಿಯಲ್ಲಿ, ಅದೇ ನ್ಯಾಯಾಧೀಶನ ಮುಂದೆ, ಅದೇ ಆರೋಪದ ಮೇಲೆ ಪುನಃ ವಿಚಾರಣೆ ನಡೆಯಿತು. ಈ ಸಲ ಪಕ್ಕದಲ್ಲಿ ವಕೀಲನಿದ್ದನು. ಜ್ಯೂರಿಯು ಆರೋಪಿಯನ್ನು ನಿರ್ದೋಷಿಯೆಂದು ಬಿಟ್ಟಿತು. ಐದು ವರ್ಷದ ಸೆರೆಗೂ ಸಂಪೂರ್ಣ ಬಿಡುಗಡೆಗೂ ನಡುವೆ ಬದಲಾದ ಸಂಗತಿ ವಕೀಲನ ಇರವೊಂದೇ. ಖಟ್ಲೆಯ ಫಲಿತಾಂಶವೆಂದರೇನೆಂದು ತಿಳಿಯಬಯಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

ಇನ್ನು ವರ್ಣಭೇದದ ಮಾತು. ಜಾರ್ಜಿಯಾ ಸಂಸ್ಥಾನದ ಫುಲ್ಟನ್ ಕೌಂಟಿಯಲ್ಲಿ ಪೋಲೀಸ್ ಅಧಿಕಾರಿಯೊಬ್ಬನ ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಕರಿಯ ಜನಾಂಗದ ಮ್ಯಾಕ್ಲೆಸ್ಕಿ ಎಂಬವನ ಖಟ್ಲೆಯು 1987ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತು. ಆ ಸಂಸ್ಥಾನದ ಎರಡು ಸಾವಿರಕ್ಕೂ ಮಿಕ್ಕ ಖಟ್ಲೆಗಳ ಅಧ್ಯಯನವನ್ನು ಅವನ ವಕೀಲರು ಮುಂದಿಟ್ಟರು. ಕೊಲೆಯಾದವನು ಬಿಳಿಯನಾಗಿದ್ದರೆ ಕೊಂದವನಿಗೆ ಮರಣದಂಡನೆಯಾಗುವ ಸಂಭವವು, ಕೊಲೆಯಾದವನು ಕರಿಯನಾಗಿದ್ದಾಗ ಇರುವುದಕ್ಕಿಂತ 4.3 ಪಟ್ಟು ಹೆಚ್ಚೆಂದು ಅದು ತೋರಿಸಿತ್ತು. ಕೋರ್ಟು ಅಧ್ಯಯನವನ್ನು ಸುಳ್ಳೆನ್ನಲಿಲ್ಲ. ಈ ಒಂದು ಖಟ್ಲೆಯಲ್ಲಿ ಪಕ್ಷಪಾತ ನಡೆದುದಕ್ಕೆ ಅದು ಪುರಾವೆಯಲ್ಲವೆಂದೂ, ಇಂತಹ ಲೆಕ್ಕವನ್ನು ಮನ್ನಿಸಿದರೆ ಇಡೀ ನ್ಯಾಯಪದ್ಧತಿಯೇ ಪ್ರಶ್ನೆಗೆ ಒಳಗಾಗುವುದೆಂದೂ ಐವರ ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ನರು, ಇದು ನ್ಯಾಯವು ಅತಿಯಾದೀತೆಂಬ ಭಯವೆಂದು ಚುಚ್ಚಿ ಹೇಳಿದರು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಪೊವೆಲ್ಲರೇ ನಿವೃತ್ತಿಯ ತರುವಾಯ, ಸಾಧ್ಯವಿದ್ದಲ್ಲಿ ಈ ಖಟ್ಲೆಯಲ್ಲಿ ತಮ್ಮ ಮತವನ್ನು ಬದಲಿಸುವೆನೆಂದರು. ಆದರೆ 1991ರಲ್ಲಿ ಆರೋಪಿಯು ಮರಣದಂಡನೆಗೆ ಒಳಗಾಗಿದ್ದನು.

ಈ ಸಂಗತಿಯನ್ನು ಓದುವಾಗ ಭಾರತೀಯನ ಮನಸ್ಸಿನಲ್ಲಿ ಹಳೆಯ ಗಾಯವೊಂದು ಮಿಡಿಯದಿರದು. ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲನು ಗಾಡಿ ತರಲು ತಡಮಾಡಿದ ತನ್ನ ಕುದುರೆಯಾಳನ್ನು ಹೊಡೆದನು, ಆಳು ಸತ್ತನು. ಮ್ಯಾಜಿಸ್ಟ್ರೇಟನು ವಿಧಿಸಿದ ಶಿಕ್ಷೆಯು ಮೂವತ್ತು ರೂಪಾಯಿಯ ದಂಡ. ವೈಸರಾಯ್ ಲಾರ್ಡ್ ಲಿಟ್ಟನ್ನನಿಗೇ ಇದು ಸಹಿಸದೆ ಅಸಮ್ಮತಿಯನ್ನು ಪ್ರಕಟಿಸಬೇಕಾಯಿತು. ಅಂದು ಕಾಯದೆಯ ಪುಸ್ತಕದಲ್ಲಿ ಬಿಳಿಯನ ಪ್ರಾಣಕ್ಕೆ ಒಂದು ಬೆಲೆ, ಕರಿಯನ ಪ್ರಾಣಕ್ಕೆ ಇನ್ನೊಂದು ಬೆಲೆ ಎಂದು ಬರೆದಿರಲಿಲ್ಲ. 1860ರ ದಂಡಸಂಹಿತೆಯು ಎಲ್ಲರಿಗೂ ಒಂದೇ ಆಗಿತ್ತು. ಭೇದವು ಅಡಗಿದ್ದುದು ಶಿಕ್ಷೆಯ ಪ್ರಮಾಣವನ್ನು ಗೊತ್ತುಮಾಡುವ ಕೈಯ ಸ್ವಾತಂತ್ರ್ಯದಲ್ಲಿ. ಕಾಯದೆಯು ಮೇಲಿನ ಮಿತಿಯನ್ನು ಮಾತ್ರ ಹೇಳಿ ಸುಮ್ಮನಾದಾಗ, ಕೆಳಗಿನ ಬಯಲಿನಲ್ಲಿ ಪೂರ್ವಗ್ರಹವು ಮನಬಂದಂತೆ ಮೇಯುತ್ತದೆ. ಪರದೇಶೀ ಆಳಿಕೆಯು ಹೋಯಿತು; ಆ ಬಯಲು ಇನ್ನೂ ಇದೆ.

ಅಮೆರಿಕದ ಕೆಲವು ಸಂಸ್ಥಾನಗಳು ಈ ಬಯಲಿಗೆ ಬೇಲಿ ಹಾಕಲು ಯತ್ನಿಸಿವೆ. 1980ರಲ್ಲಿ ಮಿನ್ನೆಸೋಟಾ ಸಂಸ್ಥಾನವು ಒಂದು ಆಯೋಗದ ಮೂಲಕ ಶಿಕ್ಷೆಯ ಮಾರ್ಗಸೂಚಿಯನ್ನು ಜಾರಿಗೆ ತಂದಿತು. ಅಪರಾಧದ ಗುರುತ್ವವು ಒಂದು ಕಡೆ, ಆರೋಪಿಯ ಪೂರ್ವಚರಿತ್ರೆಯು ಇನ್ನೊಂದು ಕಡೆ. ಎರಡೂ ಕೂಡುವ ಮನೆಯಲ್ಲಿ ಸಾಮಾನ್ಯವಾಗಿ ಎಷ್ಟು ಶಿಕ್ಷೆಯೆಂಬುದು ಬರೆದಿರುತ್ತದೆ. ನ್ಯಾಯಾಧೀಶನು ಅದನ್ನು ಬಿಟ್ಟು ನಡೆಯಬಹುದು, ಆದರೆ ಕಾರಣವನ್ನು ಬರೆದು ಕೊಡಬೇಕು. ಇದು ಒಳ್ಳೆಯ ದಾರಿ. ಆದರೆ ಬೇಲಿಯೇ ಹೊಲವನ್ನು ಮೇಯುವುದೂ ಉಂಟು. 1986ರ ಕೇಂದ್ರ ಕಾಯದೆಯೊಂದು, ಕರಿಯರ ಬಡ ಕೇರಿಗಳಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದ ಕ್ರ್ಯಾಕ್ ಕೊಕೇನಿನ 5 ಗ್ರಾಮಿಗೂ, ಪುಡಿ ಕೊಕೇನಿನ 500 ಗ್ರಾಮಿಗೂ ಒಂದೇ ಐದು ವರ್ಷದ ಕನಿಷ್ಠ ಶಿಕ್ಷೆಯನ್ನು ಕಡ್ಡಾಯ ಮಾಡಿತು. ಒಂದಕ್ಕೆ ನೂರು ಎಂಬ ಈ ಪ್ರಮಾಣವನ್ನು 2010ರಲ್ಲಿ ಒಂದಕ್ಕೆ ಹದಿನೆಂಟಕ್ಕೆ ಇಳಿಸಲಾಯಿತು. ಆದುದರಿಂದ ನಿಯಮವಿದ್ದ ಮಾತ್ರಕ್ಕೆ ಸಮತೆ ಬಂದಿತೆಂದು ನಂಬಲಾಗದು. ನಿಯಮವು ಸಮವಾಗಿರಬೇಕು, ಅದರ ಫಲವನ್ನು ವರ್ಷವರ್ಷವೂ ಎಣಿಸಿ ನೋಡುತ್ತಿರಬೇಕು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ತಪ್ಪೊಪ್ಪಿಗೆಯ ಚೌಕಾಸಿಯಿಂದ ಬಂದ ಶಿಕ್ಷೆಯು ನ್ಯಾಯಸಮ್ಮತವಲ್ಲವೆಂದು 1980ರ ಕಸಂಭಾಯಿ ಖಟ್ಲೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಕಠಿಣವಾಗಿ ಹೇಳಿತ್ತು. ಆದರೂ 2005ರ ತಿದ್ದುಪಡಿಯಿಂದ ಅದು ನಮ್ಮ ದಂಡಪ್ರಕ್ರಿಯಾ ಸಂಹಿತೆಯನ್ನು ಪ್ರವೇಶಿಸಿತು. 2006ರ ಜುಲೈಯಿಂದ ಜಾರಿಗೆ ಬಂದಿತು. 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ನಮ್ಮ ಕಾಯದೆಯು ಅಮೆರಿಕದ್ದಕ್ಕಿಂತ ಎಚ್ಚರಿಕೆಯುಳ್ಳದ್ದೆಂಬುದನ್ನು ಒಪ್ಪಬೇಕು. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೂ, ಸ್ತ್ರೀಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೂ ಅದು ಅನ್ವಯಿಸದು. ಆರೋಪಿಯು ಸ್ವಇಚ್ಛೆಯಿಂದ ಬಂದಿರುವನೇ ಎಂದು ನ್ಯಾಯಾಧೀಶನು ಏಕಾಂತದಲ್ಲಿ ವಿಚಾರಿಸಬೇಕು. ಇದುವರೆಗೆ ಇದರ ಉಪಯೋಗವೂ ಅತ್ಯಲ್ಪ. ಆದರೆ ಕೋರ್ಟುಗಳ ಬಾಕಿ ಬೆಳೆದಂತೆಲ್ಲ, ಇದನ್ನೇ ರಾಮಬಾಣವೆಂದು ಹೊಗಳುವವರ ಧ್ವನಿಯೂ ಬೆಳೆಯುತ್ತಿದೆ.

ನಮ್ಮ ಭಯಕ್ಕೆ ಕಾರಣವು ನಮ್ಮ ಸೆರೆಮನೆಗಳ ಲೆಕ್ಕದಲ್ಲಿದೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಹ್ಯಾರಿಸ್ ಕೌಂಟಿಯಲ್ಲಿ ಮನುಷ್ಯನನ್ನು ತಪ್ಪೊಪ್ಪಿಗೆಗೆ ದೂಡಿದುದು ವಾರಗಳ ಕಾಯುವಿಕೆ. ನಮ್ಮಲ್ಲಿ ಕಾಯುವಿಕೆಯನ್ನು ವರ್ಷಗಳಲ್ಲಿ ಎಣಿಸಬೇಕಾಗಿದೆ. ಬಿಹಾರದ ಸೆರೆಮನೆಗಳಲ್ಲಿ, ಅಪರಾಧಕ್ಕೆ ಆಗಬಹುದಾದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆತವರ ವೃತ್ತಾಂತವು 1979ರ ಹುಸೈನಾರಾ ಖಾತೂನ್ ಖಟ್ಲೆಯಲ್ಲಿ ದೇಶವನ್ನೇ ನಾಚಿಸಿತು. ಅದಕ್ಕೂ ಒಂದು ವರ್ಷ ಮೊದಲು, ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರನು ಜಾಮೀನುದಾರನಾಗಿ ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಮ್ಯಾಜಿಸ್ಟ್ರೇಟನು ತಳ್ಳಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರರು ಕಟುವಾಗಿ ಖಂಡಿಸಿದರು. ಆ ತೀರ್ಪುಗಳ ತರುವಾಯ ನಾಲ್ಕು ದಶಕಗಳು ಕಳೆದರೂ ನಾಲ್ವರಲ್ಲಿ ಮೂವರು ಎಂಬ ಲೆಕ್ಕವು ನಮ್ಮ ಮುಖಕ್ಕೆ ಹಿಡಿದ ಕನ್ನಡಿಯಲ್ಲವೇ? ಇಂತಹ ಸೆರೆಮನೆಯ ಬಾಗಿಲಿನಲ್ಲಿ ಚೌಕಾಸಿಯ ಅಂಗಡಿಯನ್ನು ತೆರೆದರೆ, ಗಿರಾಕಿಗಳಾಗಿ ಬರುವವರು ಪಶ್ಚಾತ್ತಾಪಪಟ್ಟವರಲ್ಲ, ದಣಿದವರು.

ಶಿಕ್ಷೆಯ ಪ್ರಮಾಣದ ವಿಷಯದಲ್ಲಿಯೂ ನಮ್ಮ ಬಯಲಿಗೆ ಬೇಲಿಯಿಲ್ಲ. ಸಾಮಾನ್ಯ ಕಳವಿಗೆ ಹಳೆಯ ದಂಡಸಂಹಿತೆಯಂತೆಯೇ ಹೊಸ ನ್ಯಾಯಸಂಹಿತೆಯಲ್ಲಿಯೂ ಮೂರು ವರ್ಷದ ವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ; ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿನಲ್ಲಿ ಮಾಲನ್ನು ಹಿಂದಿರುಗಿಸಿದವನಿಗೆ ಸಮಾಜಸೇವೆಯ ಶಿಕ್ಷೆಯನ್ನು ಹೊಸದಾಗಿ ಸೇರಿಸಿದುದು ಮೆಚ್ಚತಕ್ಕ ವಿಷಯ. ಉಳಿದಂತೆ ದಂಡಕ್ಕೂ ಮೂರು ವರ್ಷಕ್ಕೂ ನಡುವೆ ಎಲ್ಲಿ ನಿಲ್ಲಬೇಕೆಂಬುದು ಆಯಾ ನ್ಯಾಯಾಧೀಶರ ವಿವೇಚನೆ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಾಧೀಶರಾಗಿದ್ದ ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ ಶಿಕ್ಷೆಯ ಮಾರ್ಗಸೂಚಿಗಳನ್ನು ರಚಿಸಲು ಶಾಸನಬದ್ಧ ಮಂಡಳಿಯೊಂದು ಬೇಕೆಂದು ಶಿಫಾರಸು ಮಾಡಿತು. ಅದೇ ವರದಿಯು ತಪ್ಪೊಪ್ಪಿಗೆಯ ಚೌಕಾಸಿಗೂ ಅನುಕೂಲವಾಗಿತ್ತು. ಸರಕಾರವು ಚೌಕಾಸಿಯನ್ನು ಎರಡೇ ವರ್ಷಗಳಲ್ಲಿ ಸ್ವೀಕರಿಸಿತು, ಮಾರ್ಗಸೂಚಿಯನ್ನು ಕಪಾಟಿನಲ್ಲಿಟ್ಟಿತು. ಕೋರ್ಟಿನ ಕೆಲಸವನ್ನು ಕಡಿಮೆ ಮಾಡುವ ಅರ್ಧವು ಸರಕಾರಕ್ಕೆ ರುಚಿಸಿತು, ಕೋರ್ಟಿನ ಕೈಯನ್ನು ಹದಕ್ಕೆ ತರುವ ಅರ್ಧವು ರುಚಿಸಲಿಲ್ಲ. ನಮ್ಮಲ್ಲಿ ಶಿಕ್ಷೆಗೆ ಮಾರ್ಗಸೂಚಿಯಿಲ್ಲವೆಂದು ಸುಪ್ರೀಂ ಕೋರ್ಟು 2008ರಲ್ಲಿಯೇ ಕೊರಗಿತ್ತು.

ತಪ್ಪೊಪ್ಪಿಗೆಯೆಂಬ ಮಾತಿಗೆ ನಮ್ಮ ರಾಷ್ಟ್ರದ ಇತಿಹಾಸದಲ್ಲಿ ಒಂದು ಪವಿತ್ರವಾದ ಅರ್ಥವುಂಟು. 1922ರ ಮಾರ್ಚ್ 18ರಂದು ಅಹಮದಾಬಾದಿನ ಸೆಷನ್ಸ್ ಜಡ್ಜ ಬ್ರೂಮ್‌ಫೀಲ್ಡರ ಮುಂದೆ ಮಹಾತ್ಮರು ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡು, ಕಾಯದೆಯಲ್ಲಿರುವ ಅತ್ಯಂತ ಕಠಿಣ ಶಿಕ್ಷೆಯನ್ನೇ ಬೇಡಿದರು. ಲೋಕಮಾನ್ಯರಿಗೆ 1908ರಲ್ಲಿ ಆದ ಆರು ವರ್ಷವನ್ನೇ ಅಳತೆಗೋಲಾಗಿ ಹಿಡಿದು ಆ ಜಡ್ಜರು ಆರು ವರ್ಷದ ಸಾದಾ ಸಜೆ ವಿಧಿಸಿದರು. ಹಾಗೇಕೆ ವಿಧಿಸಿದೆನೆಂಬ ಕಾರಣವನ್ನು ತೆರೆದ ಕೋರ್ಟಿನಲ್ಲಿ ಎಲ್ಲರೂ ಕೇಳುವಂತೆ ಹೇಳಿದರು. ಆ ಶಿಕ್ಷೆಯು ಅನ್ಯಾಯದ್ದಾಗಿತ್ತು. ಆದರೆ ಆ ಒಪ್ಪಿಗೆಯು ನಿರ್ಭಯವಾಗಿತ್ತು, ಅಳತೆಯು ಬಹಿರಂಗವಾಗಿತ್ತು. ಭಯದಿಂದ ಹುಟ್ಟಿದ ಒಪ್ಪಿಗೆ, ಗುಟ್ಟಿನಲ್ಲಿ ಗೊತ್ತಾದ ಅಳತೆ - ಇವೆರಡೂ ಸ್ವತಂತ್ರ ಭಾರತದ ನ್ಯಾಯಾಲಯಕ್ಕೆ ಶೋಭಿಸವು.

ಆದುದರಿಂದ ಸರಕಾರದ ಮತ್ತು ಹೈಕೋರ್ಟುಗಳ ಮುಂದೆ ನಾಲ್ಕು ಮಾತುಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಜಾಮೀನಿನ ಪ್ರಶ್ನೆಯು ತೀರ್ಮಾನವಾಗುವ ಮೊದಲು, ಸೆರೆಯಲ್ಲಿರುವ ಆರೋಪಿಯಿಂದ ಚೌಕಾಸಿಯ ಅರ್ಜಿಯನ್ನು ಸ್ವೀಕರಿಸಬಾರದು. ಹಣವಿಲ್ಲದ ಒಂದೇ ಕಾರಣಕ್ಕಾಗಿ ಯಾರೂ ಒಳಗಿರಬಾರದು. ಎರಡನೆಯದಾಗಿ, ರಾಜ್ಯಾಂಗದ 39ಎ ವಿಧಿಯು ವಾಗ್ದಾನ ಮಾಡಿದ ಉಚಿತ ಕಾನೂನು ನೆರವು ಹೆಸರಿಗೆ ಮಾತ್ರ ಇರದೆ, ಒಪ್ಪಿಗೆ ಕೊಡುವ ಮುನ್ನ ಅನುಭವಶಾಲಿಯಾದ ವಕೀಲನು ಕಾಗದಪತ್ರಗಳನ್ನು ಓದಿ, ಆರೋಪಿಗೆ ತಿಳಿಯುವ ಭಾಷೆಯಲ್ಲಿ, ನಮ್ಮ ನಾಡಿನಲ್ಲಾದರೆ ಕನ್ನಡದಲ್ಲಿ, ಎಲ್ಲವನ್ನೂ ವಿವರಿಸಿರಬೇಕು. ತನಗೆ ತಿಳಿಯದ ಭಾಷೆಯಲ್ಲಿ ಹಾಕಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಮೂರನೆಯದಾಗಿ, ಮಳಿಮಠ ಸಮಿತಿಯು ಹೇಳಿದ ಮಂಡಳಿಯನ್ನು ರಚಿಸಿ, ಶಿಕ್ಷೆಯ ಮಾರ್ಗಸೂಚಿಯನ್ನು ಪ್ರಕಟಿಸಬೇಕು. ಅದರಿಂದ ಸರಿದು ನಡೆಯುವ ಅಧಿಕಾರವು ನ್ಯಾಯಾಧೀಶರಿಗಿರಲಿ, ಕಾರಣವನ್ನು ಬರೆಯುವ ಹೊಣೆಯೂ ಇರಲಿ. ನಾಲ್ಕನೆಯದಾಗಿ, ಪ್ರತಿ ಜಿಲ್ಲೆಯ ಪ್ರತಿ ಕೋರ್ಟಿನಲ್ಲಿ ಯಾವ ಅಪರಾಧಕ್ಕೆ ಎಷ್ಟು ಮಂದಿ ಬಿಡುಗಡೆಯಾದರು, ಎಷ್ಟು ಮಂದಿ ಒಪ್ಪಿಕೊಂಡರು, ಯಾವ ಶಿಕ್ಷೆಯಾಯಿತು, ಅದಕ್ಕೆ ಮುನ್ನ ಎಷ್ಟು ದಿನ ಸೆರೆಯಲ್ಲಿದ್ದರು ಎಂಬ ಲೆಕ್ಕವನ್ನು ಆರೋಪಿಗಳ ಹೆಸರನ್ನು ಬಿಟ್ಟು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಹ್ಯಾರಿಸ್ ಕೌಂಟಿಯ ಅನ್ಯಾಯವು ಬಯಲಾದುದು ಭಾಷಣಗಳಿಂದಲ್ಲ, ಇಂತಹ ಲೆಕ್ಕದಿಂದ.

ಇದಕ್ಕೆಲ್ಲ ಹಣ ಬೇಕು, ನ್ಯಾಯಾಧೀಶರು ಬೇಕು, ವಕೀಲರು ಬೇಕು ಎಂದು ಹೇಳಲಾಗುವುದು. ಬೇಕೇ ಬೇಕು. ನ್ಯಾಯವು ಅಗ್ಗದ ವಸ್ತುವಲ್ಲ. ಆದರೆ ಅದರ ಬೆಲೆಯನ್ನು ರಾಷ್ಟ್ರವೆಲ್ಲ ಕೂಡಿ ತೆರದಿದ್ದರೆ, ಅದೇ ಬೆಲೆಯನ್ನು ಕಟಕಟೆಯಲ್ಲಿ ನಿಂತ ಬಡವನೊಬ್ಬನೇ ತನ್ನ ಆಯುಷ್ಯದ ವರ್ಷಗಳಿಂದ ತೆರಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ನ್ಯಾಯ ಹೇಳುವ ಕೆಲಸಕ್ಕೆ ನ್ಯಾಯದಾನವೆಂದು ಹೆಸರು. ದಾನದಲ್ಲಿ ಚೌಕಾಸಿಗೆ ಎಡೆಯಿಲ್ಲ. ಆ ಹೆಸರನ್ನು ಸಾರ್ಥಕಗೊಳಿಸುವುದೂ, ಅದನ್ನು ವ್ಯಾಪಾರಕ್ಕಿಳಿಸುವುದೂ ನಮ್ಮ ಕೈಯಲ್ಲಿಯೇ ಇದೆ.